ಎರರ್ ಬಂದ ಕಡೆಯ ಲಾಗ್ ತೆರೆಯಿರಿ

ಪ್ರಶ್ನೆ: ಮೇಡಂ, ನಾನು ಬಿಸಿಎ ವಿದ್ಯಾರ್ಥಿ. ಇದುವರೆಗೂ ಉಬುಂಟು ಬಿಟ್ಟು ಬೇರೆ ಯಾವುದನ್ನೂ ಬಳಸಿದವನಲ್ಲ. ಈಗ 4 ಜಿಬಿ ರ‍್ಯಾಮ್ ಇರುವ ಹಳೇ ಕಂಪ್ಯೂಟರ್‌ಗೆ ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿ, ಜಿಸಿಸಿ ಕಂಪೈಲರನ್ನು ಅದರ ಸೋರ್ಸ್ ಕೋಡ್‌ನಿಂದಲೇ ಬಿಲ್ಡ್ ಮಾಡಲು ಹೊರಟಿದ್ದೇನೆ. ಅದಕ್ಕೆ ಬೇಕಾದ ಜಿಎಂಪಿ, ಎಂಪಿಎಫ್‌ಆರ್, ಎಂಪಿಸಿ ಲೈಬ್ರರಿಗಳನ್ನು ನಾನೇ ಕಂಪೈಲ್ ಮಾಡಿ ಹೋಮ್ ಡೈರೆಕ್ಟರಿಯಲ್ಲಿ ಇಟ್ಟಿದ್ದೇನೆ. ಬಿಲ್ಡ್‌ಗೆ ಮುಂಚೆ ಸಿಸ್ಟಮ್ ಪರೀಕ್ಷಿಸುವ ‘ಕಾನ್ಫಿಗರ್’ ಸರಿಯಾಗಿ ಮುಗಿಯಿತು. ಬಿಲ್ಡ್ ನಡೆಸುವ ಜಿಮೇಕ್ ತುಂಬಾ ಹೊತ್ತು ಓಡಿ, ‘ಕೆನಾಟ್ ಕಂಪ್ಯೂಟ್ ಸಫಿಕ್ಸ್ ಆಫ್ ಆಬ್ಜೆಕ್ಟ್ ಫೈಲ್ಸ್’ (ಕಂಪೈಲರ್ ತಯಾರಿಸುವ ಆಬ್ಜೆಕ್ಟ್ ಫೈಲ್‌ನ ಹೆಸರಿನ ಕೊನೆಯ ಭಾಗ ಗೊತ್ತಾಗಲಿಲ್ಲ) ಎಂದು ನಿಂತಿತು. ಕಾನ್ಫಿಗ್ ಲಾಗ್‌ನಲ್ಲಿ ಯಾವ ತಪ್ಪೂ ಕಾಣುವುದಿಲ್ಲ. ಮಳೆಗೆ ಕರೆಂಟ್ ಬೇರೆ ಹೋಗುತ್ತಿರುತ್ತದೆ. ಪ್ರತಿ ಸಲ ಮೊದಲಿಂದ ಶುರು ಮಾಡಬೇಕೇ?
— ಒಬ್ಬ ಓದುಗ, ಮೂಡಿಗೆರೆ

ಉತ್ತರ: ನೀವು ತೆರೆದದ್ದು ಬೇರೆ ಲಾಗ್. ಜಿಸಿಸಿಯಲ್ಲಿ ಕಾನ್ಫಿಗರ್ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಒಳಗಿನ ಡೈರೆಕ್ಟರಿಗಳಲ್ಲೂ ಬೇರೆ ಬೇರೆಯಾಗಿ ಓಡುತ್ತದೆ, ಒಂದೊಂದಕ್ಕೂ ಅದರದೇ ಲಾಗ್ ಇರುತ್ತದೆ. ಹಾಸನದ ನಮ್ಮ ಲ್ಯಾಬ್‌ನಲ್ಲಿ ಹುಡುಗರು ಇದೇ ಎರರ್ ತೋರಿಸಿದಾಗ ನಾನು ಮೊದಲು ಕೇಳುವುದು, ‘ಯಾವ ಡೈರೆಕ್ಟರಿಯ ಲಾಗ್ ನೋಡಿದಿರಿ?’ ಅಂತ. ನಿಮಗೆ ಬೇಕಾದದ್ದು ಬಿಲ್ಡ್ ಡೈರೆಕ್ಟರಿಯೊಳಗೆ ನಿಮ್ಮ ಸಿಸ್ಟಮ್ ಹೆಸರಿನ ಫೋಲ್ಡರ್ ಇದೆಯಲ್ವಾ, ಅದರೊಳಗಿನ ‘ಲಿಬ್‌ಜಿಸಿಸಿ’ಯಲ್ಲಿದೆ. ಅದರ ಕೊನೆಗೆ ಹಾರಬೇಡಿ. ಕೊನೆಯಲ್ಲಿ ಬರೀ ವೇರಿಯಬಲ್‌ಗಳ ಉದ್ದ ಪಟ್ಟಿ ಇರುತ್ತದೆ. ‘ಸಫಿಕ್ಸ್’ ಅಂತ ಹುಡುಕಿ, ಅದರ ಕೆಳಗಿನ ಸಾಲುಗಳನ್ನು ನಿಧಾನವಾಗಿ ಓದಿ.

ಅಲ್ಲಿ ‘ಲಿಬ್‌ಎಂಪಿಸಿ ನಾಟ್ ಫೌಂಡ್, ರಿಕ್ವೈರ್ಡ್ ಬೈ ಸಿಸಿ1’ ಎಂಬಂಥ ಸಾಲು ಸಿಗಬೇಕು. ಸಿಸಿ1 ಅಂದರೆ ಆಗಷ್ಟೇ ತಯಾರಾದ ಹೊಸ ಕಂಪೈಲರ್. ಅದಕ್ಕೆ ಒಂದು ಪುಟ್ಟ ಪ್ರೋಗ್ರಾಂ ಕೊಟ್ಟು ಪರೀಕ್ಷೆ ಮಾಡುತ್ತಾರೆ. ಶುರುವಾಗುವಾಗಲೇ ಅದಕ್ಕೆ ಎಂಪಿಸಿ ಬೇಕು, ಆದರೆ ನಿಮ್ಮ ಹೋಮ್ ಡೈರೆಕ್ಟರಿಯಲ್ಲಿ ಹುಡುಕಬೇಕೆಂದು ಸಿಸ್ಟಮ್‌ಗೆ ಯಾರೂ ಹೇಳಿಲ್ಲ. ಹಾಗಾಗಿ ಅದು ಏಳುವುದೇ ಇಲ್ಲ. ಆಬ್ಜೆಕ್ಟ್ ಫೈಲ್ ಹುಟ್ಟದ ಕಾರಣ ಕಾನ್ಫಿಗರ್ ‘ಸಫಿಕ್ಸ್ ಗೊತ್ತಾಗಲಿಲ್ಲ’ ಎನ್ನುತ್ತದೆ. ಸಫಿಕ್ಸ್‌ಗೂ ನಿಜವಾದ ತೊಂದರೆಗೂ ಸಂಬಂಧವೇ ಇಲ್ಲ!

ಲೈಬ್ರರಿಗಳನ್ನು ಎಲ್ಲಿ ಹುಡುಕಬೇಕೆಂದು ಹೇಳುವ ‘ಎಲ್‌ಡಿ ಲೈಬ್ರರಿ ಪಾತ್’ ವೇರಿಯಬಲ್‌ಗೆ ಆ ಡೈರೆಕ್ಟರಿ ಹಾಕಿದರೂ ನಡೆಯುತ್ತದೆ. ನನ್ನ ಸಲಹೆ ಬೇರೆ. ಆ ಮೂರನ್ನೂ ರೆಡಿ ಪ್ಯಾಕೇಜ್ ಹಾಕುವ ‘ಪಿಕೆಜಿ ಇನ್‌ಸ್ಟಾಲ್’ ಕಮಾಂಡ್ ಮೂಲಕ ಹಾಕಿಕೊಳ್ಳಿ. ಅವು ಯುಎಸ್‌ಆರ್ ಲೋಕಲ್ ಅಡಿಯಲ್ಲಿ ಕೂರುತ್ತವೆ, ಪ್ರೋಗ್ರಾಂ ಓಡುವಾಗ ಆ ಜಾಗ ಸಿಸ್ಟಮ್‌ಗೆ ಗೊತ್ತಿರುತ್ತದೆ. ಆದರೆ ಕಂಪೈಲ್ ಮಾಡುವಾಗ ಫ್ರೀಬಿಎಸ್‌ಡಿಯ ಜೊತೆಗೇ ಬರುವ ಕಂಪೈಲರ್ ಕ್ಲ್ಯಾಂಗ್ ತಾನಾಗಿ ಅಲ್ಲಿ ಹುಡುಕುವುದಿಲ್ಲ. ಉಬುಂಟುವಿನಿಂದ ಬಂದವರು ಎಡವುವುದೇ ಇಲ್ಲಿ. ಆದ್ದರಿಂದ ಹೊಸ ಖಾಲಿ ಡೈರೆಕ್ಟರಿಯಿಂದ ಕಾನ್ಫಿಗರ್ ಓಡಿಸುವಾಗ ಮೂರು ಲೈಬ್ರರಿಗಳಿಗೂ ಆ ಜಾಗವನ್ನು ತಿಳಿಸಿ. ಭಾಷೆಗಳಲ್ಲಿ ಸಿ ಮತ್ತು ಸಿ++ ಮಾತ್ರ ಸಾಕು, ಸುಮ್ನೆ ಫೋರ್ಟ್ರಾನ್ ಯಾಕೆ? 4 ಜಿಬಿಯಲ್ಲಿ ಒಟ್ಟಿಗೆ ಎರಡಕ್ಕಿಂತ ಜಾಸ್ತಿ ಕೆಲಸ ಓಡಿಸಬೇಡಿ. ಮೆಮೊರಿ ಸಾಲದೇ ಹೋದರೆ ಕಂಪೈಲರ್ ನಡುವೆಯೇ ಸಾಯುತ್ತದೆ, ನೀವು ಸೋರ್ಸ್‌ನಲ್ಲಿ ತಪ್ಪು ಹುಡುಕುತ್ತಾ ಕೂರುತ್ತೀರಿ.

ಈ ಸಲ ಮಾತ್ರ ಮೊದಲಿಂದ ಶುರು ಮಾಡಿ. ಆಮೇಲೆ ಕರೆಂಟ್ ಹೋದರೆ ಅದೇ ಡೈರೆಕ್ಟರಿಯಲ್ಲಿ ಮತ್ತೆ ಜಿಮೇಕ್ ಕೊಟ್ಟರೆ ಸಾಕು, ನಿಂತಲ್ಲಿಂದ ಮುಂದುವರಿಯುತ್ತದೆ. ಒಂದೇ ಎಚ್ಚರಿಕೆ: ಕರೆಂಟ್ ಹೋದ ಕ್ಷಣದಲ್ಲಿ ಬರೆಯುತ್ತಿದ್ದ ಆಬ್ಜೆಕ್ಟ್ ಫೈಲ್ ಅರ್ಧಕ್ಕೇ ನಿಂತಿರಬಹುದು, ಸೊನ್ನೆ ಬೈಟ್ ಕೂಡ ಆಗಿರಬಹುದು. ಅದರ ಸಮಯ ಹೊಸದಾಗಿರುವುದರಿಂದ ಜಿಮೇಕ್ ಅದನ್ನು ಮುಗಿದ ಕೆಲಸ ಅಂದುಕೊಳ್ಳುತ್ತದೆ. ತೀರಾ ಈಚೆಗೆ ಬರೆದ ನಾಲ್ಕಾರು ಆಬ್ಜೆಕ್ಟ್ ಫೈಲ್ ಅಳಿಸಿ ಮುಂದುವರಿಸಿ.

ಪ್ರಶ್ನೆ: ಜಿಸಿಸಿ ಒಂದೇ ಫೈಲನ್ನು ಮೂರು ಸಲ ಕಂಪೈಲ್ ಮಾಡುವುದು ಯಾಕೆ?
— ಒಬ್ಬ ಓದುಗಿ, ಬೇಲೂರು

ಉತ್ತರ: ಮೊದಲ ಸಲ ನಿಮ್ಮ ಸಿಸ್ಟಮ್‌ನ ಕಂಪೈಲರ್ ಜಿಸಿಸಿಯನ್ನು ಕಟ್ಟುತ್ತದೆ. ಎರಡನೇ ಸಲ, ಹಾಗೆ ಬಂದ ಜಿಸಿಸಿ ತನ್ನನ್ನು ತಾನೇ ಕಟ್ಟಿಕೊಳ್ಳುತ್ತದೆ. ಮೂರನೆಯದನ್ನು ಎರಡನೆಯದು ಕಟ್ಟುತ್ತದೆ. ಕೊನೆಯ ಎರಡರ ಆಬ್ಜೆಕ್ಟ್ ಫೈಲ್‌ಗಳು ಒಂದೇ ಆಗಿರಬೇಕು, ಬೇರೆಯಾದರೆ ಬಿಲ್ಡ್ ನಿಲ್ಲುತ್ತದೆ. ಆತುರವಿದ್ದರೆ ‘ಡಿಸೇಬಲ್ ಬೂಟ್‌ಸ್ಟ್ರಾಪ್’ ಆಯ್ಕೆ ಕೊಟ್ಟು ಒಂದೇ ಸುತ್ತಿಗೆ ಮುಗಿಸಬಹುದು. ಹೊಸ ಸಿಸ್ಟಮ್ ಆದರೆ ನಾನಂತೂ ಮೂರೂ ಸುತ್ತು ಓಡಲು ಬಿಡುತ್ತೇನೆ.