ಡಬ್ಬಿ ಹಿಡ್ಕೊಂಡು ಎಲ್ಲಿಗೆ ಹೋಗ್ತಿದ್ದೀರಿ?

ಪ್ರಶ್ನೆ: ಮೇಡಂ, ನಂಗೆ 43 ವರ್ಷ. ಪೀಣ್ಯದ ಒಂದು ಮಷಿನ್ ಶಾಪಲ್ಲಿ 14 ವರ್ಷದಿಂದ ಕ್ವಾಲಿಟಿ ಚೆಕಿಂಗ್ ಮಾಡ್ತಿದ್ದೆ, ಗ್ರಾಸ್ ಸಂಬಳ 20 ಸಾವಿರ, ಇಎಸ್‌ಐ ಇದೆ. ಹೋದ ತಿಂಗಳು ಆರ್ಡರ್ ಇಲ್ಲ ಅಂತ ನಮ್ಮ ಸೆಕ್ಷನ್ನೇ ಮುಚ್ಚಿ ಲೆಟರ್ ಕೊಟ್ರು. ಮನೇಲಿ ಹೇಳಿಲ್ಲ. ಬೆಳಿಗ್ಗೆ ಏಳೂವರೆಗೆ ಡಬ್ಬಿ ಹಿಡ್ಕೊಂಡು ಹೊರಟು ಮೆಟ್ರೋ ಹತ್ತಿ ಮಲ್ಲೇಶ್ವರದ ಒಂದು ಪಾರ್ಕಲ್ಲಿ ಕೂತು ಅಲ್ಲೇ ಊಟ ಮಾಡಿ ಸಂಜೆ ವಾಪಸ್ ಬರ್ತೀನಿ. ಗೊತ್ತಿರೋ ಒಬ್ಬಿಬ್ರು ಫ್ರೆಂಡ್ಸು ದಿನಾ ‘ಪಾಸಿಟಿವ್ ಆಗಿರು ಗುರು’ ಅಂತ ಮೆಸೇಜ್ ಹಾಕ್ತಾರೆ, ಓದಿದ್ರೆ ಮೈ ಉರಿಯುತ್ತೆ. ಒಂದು ಇಂಟರ್‌ವ್ಯೂಗೆ ಹೋದಾಗ ಹಳೇ ಕಂಪನಿ ಯಾಕೆ ಬಿಟ್ರಿ ಅಂದ್ರು, ಬಾಯಿಗೆ ಬಂದಿದ್ದೆಲ್ಲ ಅಂದ್ಬಿಟ್ಟೆ. ಪಾಸಿಟಿವ್ ಆಗಿರೋದು ಹೇಗೆ?
– ಹೆಸರು ಬೇಡ, ಟಿ. ದಾಸರಹಳ್ಳಿ

ಉತ್ತರ: ಮೈ ಉರಿಯೋದ್ರಲ್ಲಿ ತಪ್ಪೇನಿಲ್ಲ ಬಿಡಿ. 14 ವರ್ಷ ಮೈಕ್ರೋಮೀಟರ್ ಹಿಡಿದವರ ಕೈಗೆ ಒಂದು ಲೆಟರ್ ಕೊಟ್ಟು ಕಳಿಸಿದ್ರೆ ಯಾರಿಗೆ ತಾನೆ ನಗು ಬರುತ್ತೆ? ಆ ಸಿಟ್ಟನ್ನ ಅದುಮಿಟ್ಕೊಂಡು ನಗ್ತಾ ಇರೋದೇ ಪಾಸಿಟಿವ್ ಅಂತ ನಿಮ್ಮ ಫ್ರೆಂಡ್ಸು ಅಂದ್ಕೊಂಡಿರ್ಬೇಕು, ಆದ್ರೆ ಅದುಮಿಟ್ಟಿದ್ದು ಎಲ್ಲಿ ಹೊರಗೆ ಬಂತು ನೋಡಿ, ಸರಿಯಾಗಿ ಇಂಟರ್‌ವ್ಯೂನಲ್ಲೇ!

ಅಮೆರಿಕದ ಡಲ್ಲಾಸಲ್ಲಿ ಕೆಲಸ ಕಳ್ಕೊಂಡ ಎಂಜಿನಿಯರ್‌ಗಳ ಮೇಲೆ ಜೇಮ್ಸ್ ಪೆನ್ನೆಬೇಕರ್ ಅನ್ನೋ ಮನಃಶಾಸ್ತ್ರಜ್ಞರು ಮತ್ತೆ ಜೊತೆಯವರು ಒಂದು ಪ್ರಯೋಗ ಮಾಡಿದ್ರು, 1994ರಲ್ಲಿ ಪ್ರಕಟ ಆಯ್ತು. ಒಂದು ಗುಂಪಿನವರು ದಿನಕ್ಕೆ 20 ನಿಮಿಷದಂತೆ ಐದು ದಿನ, ಕೆಲಸ ಹೋದಾಗಿನ ಸಿಟ್ಟು ಅವಮಾನ ಎಲ್ಲಾನೂ ಬರೆದ್ರು. ಉಳಿದವರಿಗಿಂತ ಬೇಗ ಕೆಲಸ ಸಿಕ್ಕಿದ್ದು ಇವರಿಗೇ, ಹಾಗಂತ ಇವರೇನೂ ಜಾಸ್ತಿ ಅಲೆದಾಡಿರಲಿಲ್ಲ. ನೀವೂ ಒಂದು ಹಳೇ ನೋಟ್‌ಬುಕ್ಕಲ್ಲಿ ಬರೀರಿ, ಬೈಗುಳ ಬಂದ್ರೂ ಪರ್ವಾಗಿಲ್ಲ, ಆಮೇಲೆ ಬೇಕಾದ್ರೆ ಹರಿದು ಹಾಕಿ. ಮುಂದಿನ ಇಂಟರ್‌ವ್ಯೂನಲ್ಲಿ ‘ಆರ್ಡರ್ ಕಮ್ಮಿ ಆಗಿ ಸೆಕ್ಷನ್ ಮುಚ್ಚಿದ್ರು ಸಾರ್, ಲೆಟರ್ ಇದೆ’ ಅಂತಷ್ಟೇ ಹೇಳಿ ಸುಮ್ಮನಾಗಿ.

ಅದಕ್ಕೂ ಮುಂಚೆ ಈ ಡಬ್ಬಿ ನಾಟಕ ನಿಲ್ಸಿ, ಇವತ್ತೇ ಮನೇಲಿ ಹೇಳಿ. ಇಲ್ಲಾಂದ್ರೆ ಸಂಬಳದ ದಿನ ಎಲ್ಲಿಂದಲೋ ಬಡ್ಡಿ ಸಾಲ ತಂದು ಸಂಬಳ ಅಂತ ಕೊಡೋ ಪರಿಸ್ಥಿತಿ ಬರುತ್ತೆ. (ಮನೆಯವರಿಗೆ ಈಗಾಗ್ಲೇ ಡೌಟ್ ಬಂದಿರುತ್ತೆ ಅಂತ ನಂಗನ್ಸುತ್ತೆ, ಶರ್ಟಲ್ಲಿ ಆಯಿಲ್ ವಾಸನೆ ಇಲ್ದೇ ಇರೋದು ಬಟ್ಟೆ ಒಗೆಯೋರಿಗೆ ಗೊತ್ತಾಗಲ್ವಾ?)

ಇನ್ನು ದುಡ್ಡು. ಇಎಸ್‌ಐನಲ್ಲಿ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಅಂತಿದೆ, ಕೆಲಸ ಹೋದವರಿಗೆ ಸರಾಸರಿ ದಿನದ ಸಂಬಳದ ಅರ್ಧ, 90 ದಿನದ ತನಕ, ಜೀವನದಲ್ಲಿ ಒಂದೇ ಸಲ. ಇದನ್ನ ಸ್ವಲ್ಪ ಸ್ವಲ್ಪ ಅವಧಿಗೆ ಅಂತ ಮುಂದುವರೆಸ್ತಾ ಬಂದಿದ್ದಾರೆ, ಹಾಗಾಗಿ ತಡ ಮಾಡದೆ ಬ್ರಾಂಚ್ ಆಫೀಸಲ್ಲಿ ಕೇಳಿ. ಕೆಲಸ ಇಲ್ಲ ಅಂತ ಕಾರ್ಮಿಕರನ್ನ ತೆಗೆದ್ರೆ ಒಂದೊಂದು ವರ್ಷದ ಸರ್ವೀಸಿಗೂ 15 ದಿನದ ಸಂಬಳ ಪರಿಹಾರ ಕೊಡ್ಬೇಕು, ಗ್ರಾಚ್ಯುಟಿ ಅದರ ಮೇಲೆ ಬೇರೆ. ಎರಡನ್ನೂ ಸೇರಿಸಿ ಒಂದೇ ಅಂದ್ರೆ ಸಹಿ ಹಾಕ್ಬೇಡಿ, ರಾಜೀನಾಮೆ ಬರ್ಕೊಡಿ ಅಂದ್ರಂತೂ ಬೇಡವೇ ಬೇಡ, ನೀವಾಗೇ ಬಿಟ್ರಿ ಅಂತಾದ್ರೆ ಪರಿಹಾರ ಕೈತಪ್ಪುತ್ತೆ. ತಕರಾರು ತೆಗೆದ್ರೆ ಬನ್ನೇರುಘಟ್ಟ ರೋಡಿನ ಕಾರ್ಮಿಕ ಭವನಕ್ಕೆ ಹೋಗಿ.

ಪಾರ್ಕಿನ ವಿಷಯಕ್ಕೆ ಬರ್ತೀನಿ. 1930ರ ಸುಮಾರಿಗೆ ಆಸ್ಟ್ರಿಯಾದ ಮರಿಯೆಂಥಾಲ್ ಅನ್ನೋ ಊರಲ್ಲಿ ಬಟ್ಟೆ ಮಿಲ್ ಮುಚ್ಚಿ ಊರಿಗೂರೇ ಖಾಲಿ ಕೂತಾಗ ಮರೀ ಯಹೋಡಾ ಅನ್ನೋ ಸಂಶೋಧಕಿ ಮತ್ತೆ ಸಂಗಡಿಗರು ಹೋಗಿ ಗಮನಿಸಿದ್ರು. ಕೈತುಂಬಾ ಟೈಮ್ ಇದ್ರೂ ಲೈಬ್ರರಿಯಿಂದ ಪುಸ್ತಕ ಒಯ್ಯೋರು ಕಮ್ಮಿ ಆಗಿದ್ರು, ಗಂಡಸರ ನಡಿಗೆನೇ ನಿಧಾನ ಆಗಿತ್ತು. ಹೆಂಗಸರು ಮಾತ್ರ ಬೇಗ ಬೇಗ ನಡೀತಿದ್ರು, ಅಡುಗೆಮನೆಗೆ ಲೇಆಫ್ ಇಲ್ವಲ್ಲ! ಆದ್ದರಿಂದ ಏಳೂವರೆ ಬಿಡ್ಬೇಡಿ, ಹೋಗೋ ಜಾಗ ಬದಲಾಯಿಸಿ. ಪೀಣ್ಯದ ಸಣ್ಣ ಶೆಡ್‌ಗಳಲ್ಲಿ ಎಷ್ಟೋ ಕೆಲಸ ಆ್ಯಪಿಗೆ ಬರೋದೇ ಇಲ್ಲ, ಗೇಟಲ್ಲಿ ಕೇಳಿದ್ರೇ ಗೊತ್ತಾಗೋದು, ಜೊತೆಗಿದ್ದು ಬೇರೆ ಕಡೆ ಹೋದವರಿಗೆ ಫೋನ್ ಮಾಡಿ. ರಾಜಾಜಿನಗರದ ಜಿಟಿಟಿಸಿಯಲ್ಲಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಶಾರ್ಟ್ ಟರ್ಮ್ ಕೋರ್ಸ್ ಏನೇನಿದೆ ವಿಚಾರಿಸಿ, ವರ್ನಿಯರ್ ಬಲ್ಲವರಿಗೆ ಸಿಎಂಎಂ (ಕಂಪ್ಯೂಟರ್‌ನಿಂದ ಅಳತೆ ತೆಗೆಯೋ ಮಷಿನ್) ಕಲಿಯೋದು ಬ್ರಹ್ಮವಿದ್ಯೆ ಅಲ್ಲ. ರಾತ್ರಿ ನಿದ್ದೆ ಬರದೆ ಕೆಟ್ಟ ಯೋಚನೆ ಬಂದ್ರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅನ್ನೋ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡ್ತಾರೆ, ಫ್ರೀ.

ಪ್ರಶ್ನೆ: ಮಗಳಿಗೆ ಐಟಿ ಕೆಲಸ ಹೋಯ್ತು. ಜನ ಕೇಳ್ತಾರೆ ಅಂತ ಅಣ್ಣನ ಮಗನ ಮದುವೆಗೆ ಬರಲ್ಲ ಅಂತಾಳೆ. ವರ್ಕ್ ಫ್ರಂ ಹೋಮ್ ಅಂತ ಹೇಳ್ಬಿಡ್ಲಾ?
– ಒಬ್ಬ ತಾಯಿ, ಹಾಸನ

ಉತ್ತರ: ಬೇಡಮ್ಮ, ಒಂದು ಸುಳ್ಳಿಗೆ ನೂರು ಪ್ರಶ್ನೆ ಬರುತ್ತೆ. ಮದುವೆಗೆ ಮುಂಚೆನೇ ನಿಮ್ಮ ಅಣ್ಣ ಅತ್ತಿಗೆಗೆ ಫೋನಲ್ಲಿ ಇದ್ದಿದ್ದು ಇದ್ದ ಹಾಗೆ ಹೇಳ್ಬಿಡಿ, ಸುದ್ದಿ ತಾನಾಗೇ ಹರಡುತ್ತೆ, ಅವಳು ಬರೋಷ್ಟರಲ್ಲಿ ಹಳೇದಾಗಿರುತ್ತೆ. ಬರ್ತೀನಿ ಅಂದ್ರೆ ಮುಹೂರ್ತಕ್ಕೆ ಕರ್ಕೊಂಡು ಬಂದು ಊಟ ಆದ್ಮೇಲೆ ಕಳಿಸ್ಕೊಡಿ. ಬರಲ್ಲ ಅಂದ್ರೆ ಬಿಟ್ಬಿಡಿ.