ವಿಭವ ಸೊನ್ನೆ, ಆದರೂ ಕ್ಷೇತ್ರ ಇದೆ!

ಪ್ರಶ್ನೆ: ಸರ್, ಪ್ಲಸ್ 4 ಮೈಕ್ರೋಕೂಲಂ, ಮೈನಸ್ 4 ಮೈಕ್ರೋಕೂಲಂ ಆವೇಶಗಳು 20 ಸೆಂ.ಮೀ. ಅಂತರದಲ್ಲಿವೆ. ನಟ್ಟನಡುವೆ ವಿಭವ (ವೋಲ್ಟೇಜ್) ಸೊನ್ನೆ ಬಂತು. ಆದ್ದರಿಂದ ವಿದ್ಯುತ್ ಕ್ಷೇತ್ರವೂ ಸೊನ್ನೆ ಎಂದು ಬರೆದೆ. ಅಂಕ ಹೋಯಿತು. ವೋಲ್ಟೇಜೇ ಇಲ್ಲದ ಕಡೆ ಕ್ಷೇತ್ರ ಎಲ್ಲಿಂದ ಬರುತ್ತದೆ?
– ದ್ವಿತೀಯ ಪಿಯು ವಿದ್ಯಾರ್ಥಿನಿ, ಮುಧೋಳ

ಉತ್ತರ: ತಂಗಿ, ನೀನು ಕಳಿಸಿದ ಹಾಳೆ ನೋಡಿದೆ. ವಿಭವದ ಲೆಕ್ಕ ಸರಿಯಾಗಿದೆ. ತಪ್ಪಿದ್ದು ಕೊನೆಯ ಸಾಲಿನ 'ಆದ್ದರಿಂದ' ಅನ್ನುವ ಒಂದೇ ಪದದಲ್ಲಿ. ಬಾಗಲಕೋಟೆಯಲ್ಲಿ 31 ವರ್ಷ ಪಾಠ ಮಾಡಿದೆ. ಚೆನ್ನಾಗಿ ಓದುವ ಮಕ್ಕಳೂ ಇಲ್ಲೇ ಎಡವುತ್ತಾರೆ.

ಮಳೆಗಾಲದಲ್ಲಿ ಪೇಪರಿನಲ್ಲಿ ಆಲಮಟ್ಟಿಯ ನೀರಿನ ಮಟ್ಟ ನೋಡಿರುತ್ತೀಯ ಅಲ್ವಾ? ಡ್ಯಾಮ್ ತುಂಬಿದರೆ 519.60 ಮೀಟರ್. ಅಷ್ಟು ಆಳ ನೀರಿದೆ ಅಂತಲ್ಲ, ಅದು ಸಮುದ್ರಮಟ್ಟದಿಂದ ಅಳೆದ ಎತ್ತರ. ನಾಳೆ ಯಾರೋ ತುಂಬಿದ ನೀರಿನ ಮೇಲ್ಮಟ್ಟವನ್ನೇ ಸೊನ್ನೆ ಎಂದು ಹಿಡಿದರು ಅಂದುಕೋ. ಗೇಟು ಎತ್ತಿದರೆ ನೀರು ಧುಮುಕುವುದಿಲ್ಲವೇ? ಧುಮುಕುತ್ತದೆ, ಅಷ್ಟೇ ಜೋರಾಗಿ. ನೀರನ್ನು ನೂಕುವುದು ಆ ಅಂಕಿಯಲ್ಲ, ಗೇಟಿನ ಆಚೆಗೂ ಈಚೆಗೂ ಇರುವ ವ್ಯತ್ಯಾಸ. ವಿಭವ ಅಂದರೆ ಮಟ್ಟ. ಕ್ಷೇತ್ರ ಅಂದರೆ ಇಳಿಜಾರು.

ನನ್ನ ಮಾತು ಸುಮ್ನೆ ನಂಬಬೇಡ, ಪೆನ್ನು ತಗೋ. ಸೂತ್ರದ ಸ್ಥಿರಾಂಕ 9×10⁹ ಅನ್ನು ಆವೇಶದಿಂದ, ಅಂದರೆ 4×10⁻⁶ರಿಂದ ಗುಣಿಸು: 36,000. ಇದನ್ನು ದೂರದಿಂದ ಭಾಗಿಸಿದರೆ ವಿಭವ. ಈಗ ನಡುಬಿಂದು ಬಿಟ್ಟು ಪ್ಲಸ್ ಕಡೆಗೆ 1 ಸೆಂ.ಮೀ. ಸರಿ. ಪ್ಲಸ್ ಆವೇಶ 9 ಸೆಂ.ಮೀ. ದೂರ, ಮೈನಸ್ 11 ಸೆಂ.ಮೀ. ದೂರ. 36,000 ಅನ್ನು ಒಮ್ಮೆ 0.09ರಿಂದ, ಒಮ್ಮೆ 0.11ರಿಂದ ಭಾಗಿಸಿ ಕಳೆ. ಸುಮಾರು 72,700 ವೋಲ್ಟ್. ಮೈನಸ್ ಕಡೆಗೆ 1 ಸೆಂ.ಮೀ. ಸರಿದರೆ ಮೈನಸ್ 72,700. ನೋಡು, ಬರೀ 2 ಸೆಂ.ಮೀ. ಒಳಗೆ ಸುಮಾರು 1,45,400 ವೋಲ್ಟ್ ಇಳಿಯಿತು! ನಡುವೆ ಬಂದ ಸೊನ್ನೆ ಆ ಇಳಿಜಾರಿನ ಮೇಲಿನ ಒಂದು ಗುರುತು, ಅಷ್ಟೇ. 0.02ರಿಂದ ಭಾಗಿಸಿದರೆ ಮೀಟರಿಗೆ ಸುಮಾರು 72.7 ಲಕ್ಷ ವೋಲ್ಟ್.

ಇನ್ನು ಕ್ಷೇತ್ರದ ಸೂತ್ರದಿಂದ ಮಾಡು. 36,000 ಅನ್ನು 0.1ರ ವರ್ಗದಿಂದ ಭಾಗಿಸಿದರೆ 36 ಲಕ್ಷ. ಎರಡೂ ಆವೇಶಗಳದ್ದು ಸೇರಿ ಕೂಲಂಗೆ 72 ಲಕ್ಷ ನ್ಯೂಟನ್ (ಮೀಟರಿಗೆ 72 ಲಕ್ಷ ವೋಲ್ಟ್ ಅಂದರೂ ಅದೇ). ಉಳಿದ ಚೂರು ವ್ಯತ್ಯಾಸ 1 ಸೆಂ.ಮೀ. ಹೆಜ್ಜೆ ದೊಡ್ಡದಾದ್ದರಿಂದ ಬಂದದ್ದು. 1 ಮಿ.ಮೀ. ಸರಿದು ನೋಡಿದರೆ ಇನ್ನೂ ಹತ್ತಿರ ಬರುತ್ತದೆ.

'ಸೇರಿ' ಅಂದೆ, ಯಾಕೆ ಕಳೆಯಲಿಲ್ಲ? ನಿನ್ನ ಚಿತ್ರದಲ್ಲಿ ಎರಡು ದುಂಡಗಿನ ಗುರುತು ಇವೆ, ಬಾಣ ಒಂದೂ ಇಲ್ಲ. ನಡುವೆ ಒಂದು ಚಿಕ್ಕ ಪ್ಲಸ್ ಆವೇಶ ಇಟ್ಟು ನೋಡು. ಪ್ಲಸ್ ಅದನ್ನು ದೂಡುತ್ತದೆ, ಮೈನಸ್ ಎಳೆಯುತ್ತದೆ. ಎರಡು ಬಾಣವೂ ಒಂದೇ ಕಡೆಗೆ. ಕ್ಷೇತ್ರದ ಲೆಕ್ಕದಲ್ಲಿ ಆವೇಶದ ಚಿಹ್ನೆ ಬಿಟ್ಟು ಬಾಣ ಬರೆ. ವಿಭವಕ್ಕೆ ಬಾಣ ಬೇಡ, ಚಿಹ್ನೆ ಇಟ್ಟುಕೊಂಡೇ ಕೂಡು. ಇವೆರಡು ಕಲಸಿಹೋಗಿ ಅಂಕ ಕಳೆದುಕೊಂಡವರೇ ಜಾಸ್ತಿ.

ಈಗ ಮೈನಸ್ ಆವೇಶವನ್ನೂ ಪ್ಲಸ್ ಮಾಡಿ ಇದೇ ಲೆಕ್ಕ ಮತ್ತೆ ಹಾಕು. ನಡುವೆ ವಿಭವ 7,20,000 ವೋಲ್ಟ್. 1 ಸೆಂ.ಮೀ. ಆಚೆ ಹೋದರೂ ಈಚೆ ಬಂದರೂ ಸುಮಾರು 7,27,000. ಅಂದರೆ ನಟ್ಟನಡುವೆ ನೆಲ ಸಪಾಟು. ಅಲ್ಲಿ ಕ್ಷೇತ್ರ ಎಷ್ಟು? ಬಾಣಗಳ ಸಮೇತ ಬರೆದು ಕಳಿಸು, ನೋಡುತ್ತೇನೆ.