ಮಯಾಮಿ-ಡೇಡ್ ಕೌಂಟಿಯಲ್ಲಿ ಮಳೆಗಾಲ ಯಾವಾಗ? ಹೋಗಲು ಯಾವ ತಿಂಗಳು ಒಳ್ಳೆಯದು?

ಡಿಸೆಂಬರ್‌ನಿಂದ ಏಪ್ರಿಲ್ ಒಳಗೆ ಹೋಗಿ. ಫ್ಲೋರಿಡಾದ ದಕ್ಷಿಣ ತುದಿಯ ಈ ಕೌಂಟಿಯಲ್ಲಿ ನಿಜವಾಗಿ ಇರುವುದು ಎರಡೇ ಕಾಲ. ಒಂದು ಮಳೆಯದು, ಇನ್ನೊಂದು ಒಣಹವೆಯದು. ಜನವರಿಯಲ್ಲೂ ಹಗಲು ಸುಮಾರು 24 ಡಿಗ್ರಿ ಇರುತ್ತದೆ, ಒಂದು ತೆಳು ಸ್ವೆಟರ್ ಸಾಕು.

ಮಳೆಗಾಲ ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ. ವರ್ಷದ ಮಳೆಯಲ್ಲಿ ಜಾಸ್ತಿ ಪಾಲು ಈ ಐದು ತಿಂಗಳಲ್ಲೇ ಬೀಳುತ್ತದೆ. ಆದರೆ ನಮ್ಮ ಜಡಿಮಳೆಯ ಹಾಗೆ ದಿನವಿಡೀ ಹಿಡಿದುಕೊಳ್ಳುವುದು ಕಡಿಮೆ. ಬೆಳಿಗ್ಗೆ ಬಿಸಿಲಿಗೆ ನೆಲ ಕಾಯುತ್ತದೆ. ಸಮುದ್ರದ ಮೇಲಿನ ತೇವದ ಗಾಳಿ ಒಳಗೆ ನುಗ್ಗುತ್ತದೆ, ಕಾದ ಗಾಳಿ ಮೇಲೇರಿ ಮೋಡ ಕಟ್ಟುತ್ತದೆ. ಮಧ್ಯಾಹ್ನದ ಮೇಲೆ ಗುಡುಗು ಸಿಡಿಲಿನ ಸಮೇತ ಒಂದು ಜೋರು ಮಳೆ, ಆಮೇಲೆ ಮತ್ತೆ ಬಿಸಿಲು! ಸೆಕೆ ಮಾತ್ರ ಹೋಗುವುದಿಲ್ಲ. ಸಿಡಿಲು ಕೇಳಿದರೆ ಬೀಚ್‌ನಲ್ಲಿ ಸುಮ್ನೆ ನಿಲ್ಲಬೇಡಿ, ಒಳಗೆ ಹೋಗಿ.

ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಅಪಾಯ ಹೆಚ್ಚು. 1992ರ ಆಗಸ್ಟ್‌ನಲ್ಲಿ ಆಂಡ್ರ್ಯೂ ಎಂಬ ಚಂಡಮಾರುತ ಈ ಕೌಂಟಿಯ ದಕ್ಷಿಣ ಭಾಗವನ್ನು ನೆಲಸಮ ಮಾಡಿತ್ತು. ಆ ತಿಂಗಳುಗಳಲ್ಲೇ ಹೋಗಬೇಕಾದರೆ, ರದ್ದು ಮಾಡಿದರೆ ಹಣ ವಾಪಸ್ ಬರುವಂಥ ಟಿಕೆಟ್ ತೆಗೆದುಕೊಳ್ಳಿ.